ಕೂಸು ಜಗ್ಗಿದ ಕಿವಿ

ಅರವತ್ತೊಂದನೆಯ ವಯಸ್ಸಿಗೆ ಹೊನ್ನವ್ವ ತನ್ನ ಹರಿದ ಕಿವಿಯನ್ನು ಹೊಲಿಸಿಕೊಳ್ಳುತ್ತೇನೆ ಅಂದಾಗ ರೊಟ್ಟಿ ಕೇಂದ್ರದ ಹೆಂಗಸರು ಬಡಿಯುತ್ತಿದ್ದ ರೊಟ್ಟಿ ಬಿಟ್ಟು ನಕ್ಕರು. ನಗದೆ ಏನು ಮಾಡಿಯಾರು? ಗಂಡ ತೀರಿಕೊಂಡು ಹನ್ನೆರಡು ವರ್ಷವಾಗಿದೆ, ಮೊಮ್ಮಗಳು ಕಾಲೇಜಿಗೆ ಹೋಗುತ್ತಾಳೆ, ಮೊಣಕಾಲು ದಿನಕ್ಕೊಂದು ರಾಗ ತೆಗೆಯುತ್ತದೆ, ಈಕೆಗೆ ಕಿವಿಯ ಚಿಂತೆ!

“ಊರು ಹೋಗು ಅಂತೈತಿ, ಕಾಡು ಬಾ ಅಂತೈತಿ. ಈಗ ಯಾರಿಗೆ ತೋರಸಾಕಬೇ ಹೊನ್ನಕ್ಕಾ?” ಅಂದಳು ಸಿದ್ದವ್ವ, ಬಾಯಿಗೆ ಸೆರಗು ಹಿಡಿದು.

“ನಿನಗ ತೋರಸಾಕ. ದಿನಾ ಎದುರಿಗೆ ಕುಂದರತಿಯಲ್ಲ, ನೋಡಿ ಸಾಕಾಗಿರಬೇಕು.”

ಜಮಾಲಬಿ ಒಬ್ಬಳು ನಗಲಿಲ್ಲ. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತ, “ಹೊಲಿಸ್ಕೋ,” ಅಂದಳು ಅಷ್ಟೆ. ಆಕೆಯ ಮನೆಗೂ ಹೊನ್ನವ್ವನ ಮನೆಗೂ ನಡುವೆ ಒಂದೇ ಗೋಡೆ. ನಲವತ್ತು ವರ್ಷದ ಹಿಂದೆ ಆ ಕಿವಿಗೆ ಅರಿಸಿನ ಮೆತ್ತಿ ಅರಿವೆ ಕಟ್ಟಿದವಳು ಆಕೆಯೇ.

ರೋಣದ ಮಾರ್ಕೆಟ್ಟಿನ ಹಿಂದಿರುವ ಈ ರೊಟ್ಟಿ ಕೇಂದ್ರ ಹೊನ್ನವ್ವನದು. ದಿನಕ್ಕೆ ಸಾವಿರ ರೊಟ್ಟಿ ಇಲ್ಲಿಂದ ಖಾನಾವಳಿಗಳಿಗೆ, ಮದುವೆಮನೆಗಳಿಗೆ, ಬಸ್ಸಿನ ಮೇಲೆ ಗದಗಿಗೂ ಹೋಗುತ್ತವೆ. ಮಗ ಕೊಟ್ರೇಶ ಸಾಗಾಟ ನೋಡಿಕೊಳ್ಳುತ್ತಾನೆ. ಹೊನ್ನವ್ವ ಒಲೆಯ ಮುಂದೆ ಕೂತರೂ ತಲೆಯ ಮೇಲಿನ ಸೆರಗು ಜಾರುವುದಿಲ್ಲ, ಎರಡು ಪಿನ್ನು ಹಾಕಿ ಬಿಗಿದಿರುತ್ತಾಳೆ. ಮಂದಿ ಅದನ್ನು ನೋಡಿ, ಎಂಥ ಮರ್ಯಾದಸ್ತ ಹೆಣ್ಣುಮಗಳು ಅನ್ನುತ್ತಾರೆ. ಮರ್ಯಾದೆಯೂ ಇಲ್ಲ, ಮಣ್ಣೂ ಇಲ್ಲ. ಎಡಗಿವಿಯ ಹಾಲೆ ಹೊಲಿಗೆ ಬಿಟ್ಟ ಚೀಲದ ಬಾಯಿಯಂತೆ ಎರಡಾಗಿ ಸೀಳಿತ್ತು, ಅದನ್ನು ಮುಚ್ಚಲಿಕ್ಕೆ ಆ ಸೆರಗು.

ಕಿವಿ ಹರಿದದ್ದು ಹೇಗೆ ಎಂಬ ಕಥೆ ಓಣಿಗೆಲ್ಲ ಗೊತ್ತಿತ್ತು. ಕೊಟ್ರೇಶ ಎಂಟು ತಿಂಗಳ ಕೂಸಿದ್ದಾಗ ಹಾಲು ಕುಡಿಯುತ್ತ ಅವ್ವನ ಝುಮಕಿ ಹಿಡಿದು ಜಗ್ಗಿದ, ಹಾಲೆ ಹರಿಯಿತು. ಕೇಳಿದವರೆಲ್ಲ ನಕ್ಕು, “ಭಾರಿ ಗಟ್ಟಿಗ ಮಗ ಬಿಡವ್ವಾ!” ಅನ್ನುತ್ತಿದ್ದರು. ಕೊಟ್ರೇಶ ಈ ಕಥೆಯನ್ನು ಎಷ್ಟು ಸಲ ಕೇಳಿದ್ದನೆಂದರೆ ಕೊನೆಗೆ ಅದು ತನಗೆ ನೆನಪಿದೆ ಎಂದೇ ಹೇಳತೊಡಗಿದ್ದ. ತನಗೆ ಮಗಳು ಹುಟ್ಟಿದಾಗ ಎರಡು ವರ್ಷ ಹೆಂಡತಿಗೆ ಕಿವಿಯಲ್ಲಿ ಏನೂ ಹಾಕಗೊಟ್ಟಿರಲಿಲ್ಲ.

ನಡೆದದ್ದು ಬೇರೆ. ಕೂಸಿಗೆ ಜ್ವರ ಬಂದು ಹೊನ್ನವ್ವನಿಗೆ ಎರಡು ದಿನ ನಿದ್ದೆ ಇರಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತ ಗಂಡ ಗುರುಸಂಗಪ್ಪ ಸಾರಿನಲ್ಲಿ ಉಪ್ಪಿಲ್ಲ ಅಂದ. “ಬಾಜೂಕ ಐತಲ್ರಿ, ಹಾಕ್ಕೋರಿ,” ಅಂದಳು ಈಕೆ. ಅಷ್ಟೇ ಮಾತು. ಅವನು ಎದ್ದು, ಉಣ್ಣುತ್ತಿದ್ದ ಕೈಯಿಂದಲೇ ಝುಮಕಿ ಹಿಡಿದು ಜಗ್ಗಿದ. ಒಲ್ಲದ ಗಂಡನಿಗೆ ಮೊಸರಿನಲ್ಲಿ ಕಲ್ಲು ಅನ್ನುತ್ತಾರೆ, ಆದರೆ ಗುರುಸಂಗಪ್ಪ ಒಲ್ಲದ ಗಂಡನೂ ಅಲ್ಲ, ದಿನಾ ಹೊಡೆಯುವವನೂ ಅಲ್ಲ. ಮಾರ್ಕೆಟ್ಟಿನಲ್ಲಿ ತೂಕದ ಗುರುಸಂಗಪ್ಪ ಅಂದರೆ ಒಂದು ಕಾಳೂ ಹೆಚ್ಚುಕಡಿಮೆ ಮಾಡದ ಮನುಷ್ಯ. ಅತ್ತೆ ಒಳಗಿನಿಂದ ಬಂದು ರಕ್ತ ನೋಡಿ, “ಯಾರರ ಕೇಳಿದ್ರ ಕೂಸು ಜಗ್ಗೇತಿ ಅನ್ನು,” ಅಂದಳು. ಕೂಸು ತೊಟ್ಟಿಲಲ್ಲಿ ಮಲಗಿತ್ತು. ಅಂದಿನಿಂದ ಹೊನ್ನವ್ವ ಹಾಗೆಯೇ ಹೇಳುತ್ತ ಬಂದಳು, ಹೇಳಿದಾಗಲೊಮ್ಮೆ ಎದುರಿನವರ ಜೊತೆ ನಗುತ್ತಲೂ ಬಂದಳು.

ಇಷ್ಟು ವರ್ಷ ಮುಚ್ಚಿಟ್ಟ ಕಿವಿ ಬಯಲಿಗೆ ಬಂದದ್ದು ಮೊಮ್ಮಗಳು ಪೂಜಾಳ ಮೊಬೈಲಿನಿಂದ. ಬಿಕಾಂ ಓದುವ ಆ ಹುಡುಗಿ ‘ರೋಣದ ರೊಟ್ಟಿ ಆಯಿ’ ಎಂದು ಹೆಸರಿಟ್ಟು ಅಜ್ಜಿಯ ವಿಡಿಯೋ ಹಾಕುತ್ತಿದ್ದಳು. ಮೊದಲ ವಿಡಿಯೋ ನೋಡಿದಾಗ ಹೊನ್ನವ್ವನಿಗೆ ತನ್ನ ಗುರುತೇ ಸಿಗಲಿಲ್ಲ. ಮುಖ ಮೈದಾ ಹಿಟ್ಟು, ತುಟಿ ಗುಲಾಬಿ, ಸುಕ್ಕೆಲ್ಲ ಮಾಯ.

“ಇಕಿ ಯಾರಬೇ ಪೂಜಾ? ನಿಮ್ಮ ಆಯಿ ಎಲ್ಲಿ ಹೋದ್ಲು?”

“ಫಿಲ್ಟರ್ ಆಯಿ ಅದು. ಎಲ್ಲಾರೂ ಹಾಕ್ತಾರ. ಇಲ್ಲಂದ್ರ ಮಂದಿ ನೋಡಂಗಿಲ್ಲ.”

ಪೂಜಾ ತನ್ನ ಮುಖವನ್ನಂತೂ ಫಿಲ್ಟರ್ ಇಲ್ಲದೆ ಯಾರಿಗೂ ತೋರಿಸುತ್ತಿರಲಿಲ್ಲ. ಮೂಗು ದಪ್ಪ ಎಂದು ಕನ್ನಡಿಯ ಮುಂದೆ ಅದನ್ನು ಹಿಂಡುತ್ತ ನಿಲ್ಲುವಳು, ಮೂಗು ಸಣ್ಣ ಮಾಡುವ ಆಪರೇಶನ್ನಿನ ವಿಡಿಯೋಗಳನ್ನು ಊಟ ಮಾಡುತ್ತ ನೋಡುವಳು. ಆ ಮೂಗು ಅಪ್ಪನದು, ಅಜ್ಜನದು. ಹಿಂಡಿದರೆ ಹೋಗುವಂಥದ್ದಲ್ಲ.

ಒಂದು ದಿನ ಹೊನ್ನವ್ವ ಒಲೆಯ ಕಡೆ ಬಾಗಿದಾಗ ಪಿನ್ನು ಬಿಚ್ಚಿ ಸೆರಗು ಜಾರಿತು. ಪೂಜಾ ಗಮನಿಸದೆ ಆ ವಿಡಿಯೋ ಹಾಗೇ ಹಾಕಿಬಿಟ್ಟಳು. ಆ ಫಿಲ್ಟರಿಗೆ ಸುಕ್ಕು ಅಳಿಸಲು ಬರುತ್ತಿತ್ತು, ಹರಿದ ಕಿವಿ ಕೂಡಿಸಲು ಬರುತ್ತಿರಲಿಲ್ಲ. ‘ಆಯಿ ಕಿವಿ ಇಲಿ ತಿಂದೈತೇನು?’ ಎಂದು ಒಬ್ಬ ಬರೆದ. ‘ಕಿವಿ ನೋಡಿ ರೊಟ್ಟಿ ಗಂಟಲಾಗ ಇಳೀಲಿಲ್ಲ’ ಎಂದು ಇನ್ನೊಬ್ಬ. ಅವುಗಳ ಕೆಳಗೆ ನಗುವ ಮುಖಗಳ ಸಾಲು. ಹೊನ್ನವ್ವ ಏಳನೇ ಇಯತ್ತೆ ಓದಿದವಳು, ಯಾರೂ ಓದಿ ಹೇಳಬೇಕಾಗಿರಲಿಲ್ಲ. ನಾಚಿಕೆಯಿಂದ ಎರಡು ದಿನ ರೊಟ್ಟಿ ಕೇಂದ್ರದ ಬಾಗಿಲಿಗೆ ಬೆನ್ನು ಹಾಕಿ ಕೂತಳು. ಮೂರನೆಯ ದಿನ ಸಿಟ್ಟು ಬಂತು.

ಜಮಾಲಬಿಯ ಸೊಸೆ ಸೈರಾಬಾನುವಿಗೂ ಮದುವೆಯ ಭಾರದ ಲೋಲಾಕಿನಿಂದ ಕಿವಿ ಹರಿದಿತ್ತು. ಗದಗಿನಲ್ಲಿ ಒಬ್ಬ ಡಾಕ್ಟರಮ್ಮ ಅರ್ಧ ತಾಸಿನಲ್ಲಿ ಹೊಲಿದು ಕಳಿಸಿದ್ದರು. ಕಿವಿಯಷ್ಟೇ ಮರಗಟ್ಟಿಸುತ್ತಾರೆ, ವಾರಕ್ಕೆ ಹೊಲಿಗೆ ಬಿಚ್ಚುತ್ತಾರೆ, ಗುರುತೂ ಉಳಿಯುವುದಿಲ್ಲ. ಸೈರಾಬಾನುವಿನ ಕಿವಿಯನ್ನು ಹೊನ್ನವ್ವ ಬೆಳಕಿಗೆ ಹಿಡಿದು ನೋಡಿ ಮನಸ್ಸು ಗಟ್ಟಿ ಮಾಡಿದಳು. ಝುಮಕಿ ಹಾಕಿಕೊಳ್ಳುವ ಆಸೆ ಆಕೆಗಿರಲಿಲ್ಲ. ಒಲೆಯ ಬೇಗೆಯಲ್ಲಿ ಸೆರಗು ಇಳಿಸಿ ಕೂರಬೇಕು, ಕಿವಿಗೆ ಗಾಳಿ ಹತ್ತಬೇಕು. ಅದಕ್ಕಿಂತ ಹೆಚ್ಚಾಗಿ, ಯಾರೂ ಏನಾಯಿತು ಎಂದು ಕೇಳದಂಥ ಕಿವಿ ಬೇಕಾಗಿತ್ತು. ಕೇಳಿದರೆ ಆ ಸುಳ್ಳು ಹೇಳಬೇಕು, ಹೇಳಿ ನಗಬೇಕು. ಆ ನಗು ಆಕೆಗೆ ಸಾಕಾಗಿ ಹೋಗಿತ್ತು.

ಕೊಟ್ರೇಶ ಮೊದಲು ಚೇಷ್ಟೆ ಎಂದುಕೊಂಡ. ಖರೇ ಎಂದು ಗೊತ್ತಾದಾಗ ಅವನ ಮುಖ ಸಣ್ಣದಾಯಿತು.

“ಯವ್ವಾ, ಅದು ನಾ ಮಾಡಿದ್ದು. ನನ್ನ ನೆನಪು ಅದು. ಮೊಬೈಲ್‌ನ್ಯಾಗ ಯಾವನೋ ನಕ್ಕಾ ಅಂತ ಕೊಯ್ಸಿ ಹೊಲಿಸ್ಕೋತಿಯೇನು?”

“ನಕ್ಕಾರಂತ ಅಲ್ಲೋ. ನನಗ ಬೇಕಾಗೈತಿ.”

“ಈ ವಯಸ್ಸಿನ್ಯಾಗ ಬ್ಯೂಟಿ ಆಪರೇಶನ್ ಮಾಡಿಸ್ಕೊಂಡ್ಲು ಅಂತ ಮಂದಿ ಆಡ್ಕೋತಾರ. ನಿನ್ನ ನೋಡಿ ಇಕಿ ನಾಳೆ ಮೂಗು ಕೊಯ್ಸಾಕ ಹೊಕ್ಕಾಳ!” ಎಂದು ಮಗಳ ಕಡೆ ಬೆರಳು ತೋರಿಸಿದ. ಪೂಜಾ ಸಿಟ್ಟಿನಿಂದ ಒಳಗೆ ಎದ್ದು ಹೋದಳು.

ಕೊಟ್ರೇಶ ಕೆಟ್ಟವನಲ್ಲ. ಅವ್ವನನ್ನು ಆಡಿಕೊಂಡವರಿಗೆ ಉತ್ತರ ಕೊಡಬೇಕು ಎಂದು ಅವನು ಹಟ ತೊಟ್ಟಿದ್ದ. ಮರುದಿನ ಅಪ್ಪನ ಮಾಲೆ ಹಾಕಿದ ಫೋಟೋದ ಕೆಳಗೆ ಕೂತು ಪೂಜಾಳ ಕೈಗೆ ಮೊಬೈಲು ಕೊಟ್ಟು ಕಥೆ ಹೇಳಿದ. “ನಮ್ಮವ್ವನ ಕಿವಿ ಇಲಿ ತಿಂದಿಲ್ಲರಿ. ನಾ ಹರದೀನಿ. ಎಂಟು ತಿಂಗಳ ಕೂಸಿದ್ದೆ. ಕಿವಿ ಹರದು ರಕ್ತ ಸೋರಿದ್ರೂ ನಮ್ಮವ್ವ ನನಗ ಹಾಲು ಬಿಡಿಸಲಿಲ್ಲ.” ಹೇಳುತ್ತ ಹೇಳುತ್ತ ಅವನು ನಿಜವಾಗಿಯೂ ಅತ್ತ.

ನಾಲ್ಕು ದಿನದಲ್ಲಿ ಒಂಬತ್ತು ಲಕ್ಷ ಮಂದಿ ನೋಡಿದರು. ಇಲಿ ಎಂದವನೇ ಬಂದು ಕ್ಷಮೆ ಕೇಳಿದ. ‘ಇಂಥ ತಾಯಿಯ ಕಾಲಿಗೆ ಬೀಳಬೇಕು’, ‘ಆಪರೇಶನ್ ಮಾಡಿಸಿಕೊಳ್ಳುವ ನಟಿಯರು ಈ ಕಿವಿ ನೋಡಿ ಕಲಿಯಲಿ’, ‘ಆಯೀ, ಇದನ್ನು ಎಂದೂ ಹೊಲಿಸಬೇಡಿ’. ಮಂದಿ ಅಂಗಡಿಗೇ ಬರತೊಡಗಿದರು. ರೊಟ್ಟಿ ಕೊಳ್ಳುವ ನೆವದಿಂದ ಕಿವಿ ನೋಡುವುದು, ಫೋಟೋ ತೆಗೆಯುವುದು. ನರಗುಂದದಿಂದ ಬಂದ ಒಬ್ಬಾಕೆ ತನ್ನ ಕೂಸಿನ ಕೈ ಹಿಡಿದು ಆ ಕಿವಿಗೆ ಮುಟ್ಟಿಸಿಕೊಂಡು ಹೋದಳು. ಅದನ್ನು ನೋಡಿ ಹೊಳೆಮಣ್ಣೂರಿನಿಂದ ಇಬ್ಬರು ಬಂದರು. ಕೂಸುಗಳ ಉಗುರು ತಾಗಿ ಹಾಲೆ ಕೆಂಪಾಯಿತು.

“ಹೊನ್ನಕ್ಕಾ, ಅದು ಪುಣ್ಯದ ಕಿವಿ. ಡಾಕ್ಟರ್ ಕೈಯಾಗ ಕೊಡಬ್ಯಾಡ,” ಅಂದಳು ಸಿದ್ದವ್ವ.

ಮೊನ್ನೆ ಇಲಿ ತಿಂದ ಕಿವಿ, ಇವತ್ತು ಪುಣ್ಯದ ಕಿವಿ! ನಗುವಾಗ ಅದನ್ನು ಮುಚ್ಚಿಕೋ ಅಂದ ಮಂದಿಯೇ ಈಗ ತೆರೆದು ತೋರಿಸು ಅನ್ನುತ್ತಿದ್ದರು. ಆ ಕಿವಿ ಹೊತ್ತವಳನ್ನು ಮಾತ್ರ ಯಾರೂ ಕೇಳಲಿಲ್ಲ. ಗದಗಿಗೆ ಹೋಗಬೇಕೆಂದುಕೊಂಡಿದ್ದ ಸೋಮವಾರ ಹೋಯಿತು, ಅದರ ಮುಂದಿನದೂ ಹೋಯಿತು. ಈಗ ಕಿವಿ ಹೊಲಿಸಿದರೆ ಒಂಬತ್ತು ಲಕ್ಷ ಮಂದಿಯ ಎದುರು ಮಗನ ಮುಖಕ್ಕೆ ಮಸಿ ಬಳಿದಂತಾಗುತ್ತದೆ ಎಂದು ಹೊನ್ನವ್ವ ಅಂಜಿದಳು.

ಅಷ್ಟರಲ್ಲಿ ಗಜೇಂದ್ರಗಡದ ಒಂದು ಮಹಿಳಾ ಮಂಡಳದವರು ಆಕೆಗೆ ಸನ್ಮಾನ ಗೊತ್ತು ಮಾಡಿದರು. ವೇದಿಕೆಯ ಮೇಲೆ ತೋರಿಸಲು ಒಂದು ಒಳ್ಳೆಯ ವಿಡಿಯೋ ಬೇಕೆಂದು ದಿಲಾವರ ಎಂಬ ವಿಡಿಯೋದವನನ್ನು ಕಳಿಸಿದರು. ದೊಡ್ಡ ಕ್ಯಾಮೆರಾ, ಎರಡು ದೀಪ. ಮಧ್ಯಾಹ್ನದ ಒಲೆ ಆರಿತ್ತು, ಹೆಂಗಸರು ಮನೆಗೆ ಹೋಗಿದ್ದರು, ಜಮಾಲಬಿ ಒಬ್ಬಳು ರೊಟ್ಟಿ ಎಣಿಸಿ ಕಟ್ಟುತ್ತಿದ್ದಳು, ಪೂಜಾ ಮೊಬೈಲು ಹಿಡಿದು ಮೂಲೆಯಲ್ಲಿ ನಿಂತಿದ್ದಳು. ದಿಲಾವರ ಗುರುಸಂಗಪ್ಪನ ಫೋಟೋ ತಂದು ಸ್ಟೂಲಿನ ಮೇಲೆ ಇಟ್ಟು, ಹೊನ್ನವ್ವನನ್ನು ಅದರ ಬಾಜೂ ಕೂಡಿಸಿ, ಸೆರಗು ಇಳಿಸಿ ಕಿವಿ ಕಾಣುವಂತೆ ಮುಖ ತಿರುಗಿಸಲು ಹೇಳಿದ.

“ಅಣ್ಣಾರ, ನಿಮ್ಮ ತಂದೆಯವರ ಬಗ್ಗೆನೂ ಒಂದ್ ಮಾತು ಬರಲಿ,” ಅಂದ ಕೊಟ್ರೇಶನಿಗೆ.

ಕೊಟ್ರೇಶ ಇಷ್ಟರಲ್ಲಿ ಕ್ಯಾಮೆರಾದ ರುಚಿ ಕಂಡಿದ್ದ. ಗಂಟಲು ಸರಿ ಮಾಡಿಕೊಂಡು ಶುರು ಮಾಡಿದ. “ಅವತ್ತು ನಮ್ಮಪ್ಪ ಮಾರ್ಕೆಟ್ಟಿನಿಂದ ಓಡಿ ಬಂದ್ರಿ. ಅವ್ವನ್ನ ಚಕಡ್ಯಾಗ ಕುಂದರ್ಸಿ, ತಾನ ದವಾಖಾನಿಗೆ ಕರ್ಕೊಂಡ್ ಹೋದ. ಹಾದಿ ತುಂಬ ತನ್ನ ಧೋತರದ ಚುಂಗಿನಿಂದ ಅಕಿ ಕಿವಿ ಹಿಡಕೊಂಡ ಕುಂತಿದ್ದ. ಅಂಥಾ ಗಂಡ ಸಿಗಬೇಕಂದ್ರ...”

ಈ ಎತ್ತಿನ ಚಕಡಿ ಎಲ್ಲಿಂದ ಬಂತು? ಯಾವ ದವಾಖಾನಿ? ಇದನ್ನು ಅತ್ತೆಯೂ ಹೇಳಿರಲಿಲ್ಲ, ಹೊನ್ನವ್ವನೂ ಹೇಳಿರಲಿಲ್ಲ. ಮಗ ಆಗ ತಾನೇ ಹುಟ್ಟಿಸಿ ಹೇಳುತ್ತಿದ್ದ. ಕೂಸು ಜಗ್ಗಿತು ಎಂಬ ಸುಳ್ಳನ್ನು ಆಕೆ ನಲವತ್ತು ವರ್ಷ ಹೊತ್ತಿದ್ದಳು, ಇನ್ನೊಂದಿಷ್ಟು ದಿನ ಹೊರುತ್ತಿದ್ದಳೇನೋ. ಜಗ್ಗಿದ ಕೈಯೇ ಈಗ ಕಿವಿ ಹಿಡಿದು ದವಾಖಾನಿಗೆ ಒಯ್ದಿತು ಅಂದಾಗ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತಳು.

“ತಮ್ಮಾ, ಅದನ್ನ ಬಂದ್ ಮಾಡು. ಹೊರಗ ಹೋಗಿ ಚಾ ಕುಡದ ಬಾ.”

ದಿಲಾವರ ಆಕೆಯ ಮುಖ ನೋಡಿ ಕ್ಯಾಮೆರಾ ಬಂದ್ ಮಾಡಿ ಹೊರಗೆ ಹೋದ.

“ಏನಾತಬೇ ಯವ್ವಾ?” ಅಂದ ಕೊಟ್ರೇಶ.

“ನಿಮ್ಮಪ್ಪ ಓಡಿ ಬರಲಿಲ್ಲೋ. ಅವ ಮನ್ಯಾಗ ಇದ್ದ. ಉಣ್ಣಾಕ ಕುಂತಿದ್ದ. ಸಾರಿನ್ಯಾಗ ಉಪ್ಪು ಇಲ್ಲಂದ, ಬಾಜೂಕ ಐತಿ ಹಾಕ್ಕೋರಿ ಅಂದೆ. ಎದ್ದು ಬಂದು ಜಗ್ಗಿದ. ನೀ ಜಗ್ಗಿಲ್ಲ.”

ಪೂಜಾಳ ಕೈಯಲ್ಲಿದ್ದ ಮೊಬೈಲು ಹಾಗೇ ಕೆಳಗಿಳಿಯಿತು. ಕೊಟ್ರೇಶ ನಗಲು ನೋಡಿದ, ನಗು ಬರಲಿಲ್ಲ. “ಸುಳ್ಳ. ಜಮಾಲಕ್ಕಾ, ಅವ್ವಗ ಏನಾಗೇತಿ? ನೀನರ ಹೇಳು.”

ಜಮಾಲಬಿ ರೊಟ್ಟಿಯ ಗಂಟು ಕೆಳಗಿಟ್ಟಳು. “ನೀ ತೊಟ್ಟಿಲದಾಗ ಇದ್ದೆಪಾ. ಜ್ವರ ಬಂದು ಮಲಗಿದ್ದಿ. ನಾ ಓಡಿ ಬಂದಾಗ ನಿಮ್ಮಪ್ಪ ಹಿತ್ತಲದಾಗ ಕೈ ತೊಳಕೊಳ್ಳಾಕ ಹತ್ತಿದ್ದ. ಯಾವ ದವಾಖಾನಿಗೂ ಯಾರೂ ಒಯ್ಯಲಿಲ್ಲ.”

ಕೊಟ್ರೇಶ ಅಲ್ಲಿದ್ದ ಹಿಟ್ಟಿನ ಚೀಲದ ಮೇಲೆ ಕೂತ. ಅಲ್ಲಿಂದಲೇ ಕೇಳಿದ, “ಮತ್ತ ನನ್ನ ಹೆಸರು ಯಾಕ ಹೇಳಿದಿಬೇ? ಇಷ್ಟು ವರ್ಷ?”

“ಕೂಸು ಜಗ್ಗಿತು ಅಂದ್ರ ಮಂದಿ ನಕ್ಕು ಬಿಡತಿದ್ರು. ಗಂಡ ಜಗ್ಗಿದ ಅಂದ್ರ, ನೀ ಏನ್ ಮಾಡಿದ್ದಿ ಅಂತ ನನ್ನ ಕೇಳತಿದ್ರು.”

ಅವನು ಎದ್ದು ಹೊರಗೆ ಹೋದ. ದಿಲಾವರನಿಗೆ ಏನು ಹೇಳಿದನೋ, ಅವನು ದೀಪ ಕಟ್ಟಿಕೊಂಡು ಗಜೇಂದ್ರಗಡದ ಬಸ್ಸು ಹತ್ತಿದ. ಮೂರು ದಿನ ಕೊಟ್ರೇಶ ಅವ್ವನ ಜೊತೆ ಮಾತಾಡಲಿಲ್ಲ. ರೊಟ್ಟಿ ಸಾಗಿಸುವನು, ಬರುವನು, ತಲೆ ತಗ್ಗಿಸಿ ಉಂಡು ಏಳುವನು. ಸತ್ತ ಗಂಡನ ಹೆಸರು ಕೆಡಿಸಲು ಹೋಗಿ ಇದ್ದ ಮಗನನ್ನು ಕಳೆದುಕೊಂಡೆನೇನೋ, ಕಿವಿ ಹೋದರೆ ಹೋಗಲಿ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತಲ್ಲ ಎಂದು ಹೊನ್ನವ್ವ ಹಳಹಳಿಸಿದಳು.

ನಾಲ್ಕನೆಯ ದಿನ ಅವನು ಪೂಜಾಳಿಗೆ, “ಆ ವಿಡಿಯೋ ತಗದ ಒಗಿ,” ಅಂದ. ಆಕೆ ತೆಗೆದಳು. ತೆಗೆದರೆ ಹೋಗುತ್ತದೆಯೇ? ಅಷ್ಟರಲ್ಲಿ ನೂರಾರು ಮಂದಿ ಅದಕ್ಕೆ ತಮ್ಮ ತಮ್ಮ ಅಳುವ ಹಾಡು ಹಚ್ಚಿ ಹಾಕಿಕೊಂಡಿದ್ದರು. ಅದು ಊರೂರು ತಿರುಗುತ್ತಲೇ ಇತ್ತು. ಗಜೇಂದ್ರಗಡದವರು ಫೋನು ಮಾಡಿದಾಗ, “ನಮ್ಮವ್ವ ಬರಂಗಿಲ್ರಿ,” ಎಂದು ಇಟ್ಟುಬಿಟ್ಟ. ಹೊನ್ನವ್ವನಿಗೆ ಮಾತ್ರ ಏನೂ ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಹೊನ್ನವ್ವ ಜಮಾಲಬಿಯನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿಗೆ ಹೋದಳು. ಮಗ ಮಾತಾಡಲಿ ಬಿಡಲಿ, ಹೊಲಿಸಿಕೊಂಡೇ ಬರುವುದು ಎಂದು ತೀರ್ಮಾನಿಸಿಯಾಗಿತ್ತು. ಗದಗಿನ ಬಸ್ಸು ಇನ್ನೇನು ಹೊರಡಬೇಕು, ಕೊಟ್ರೇಶ ಹತ್ತಿ ಬಂದು ಹಿಂದಿನ ಸೀಟಿನಲ್ಲಿ ಕೂತ. ಗದಗಿನ ಟಿಕೀಟು ತೆಗೆದ. ಗದಗು ಮುಟ್ಟುವ ತನಕ ಕಿಟಕಿಯ ಕಡೆ ಮುಖ ಮಾಡಿಯೇ ಇದ್ದ.

ಡಾಕ್ಟರಮ್ಮ ನಲವತ್ತರ ಆಸುಪಾಸಿನವರು, ನಗುಮುಖ. ಜಮಾಲಬಿ ಹೊರಗೆ ಕೂತಳು, ಕೊಟ್ರೇಶ ಒಳಗೆ ಬಂದು ಗೋಡೆಗೆ ಆತು ನಿಂತ. ಹೊನ್ನವ್ವ ಪಿನ್ನು ಬಿಚ್ಚಿ ಸೆರಗು ಇಳಿಸಿದಳು. ಡಾಕ್ಟರಮ್ಮ ಹಾಲೆಯ ಎರಡು ತುಂಡನ್ನೂ ಬೆರಳಲ್ಲಿ ಹಿಡಿದು ಕೂಡಿಸಿ ನೋಡಿ, ಆಮೇಲೆ ಆಕೆಯ ಮುಖ ನೋಡಿ ಕಣ್ಣರಳಿಸಿದರು.

“ಅಯ್ಯ, ರೊಟ್ಟಿ ಆಯಿ ಅಲ್ರೀ ನೀವು? ವಿಡಿಯೋ ನೋಡಿ ನಾನೂ ಅತ್ತೀನ್ರಿ ಅಮ್ಮಾ! ಕೂಸು ಜಗ್ಗಿದ ಕಿವಿ. ಇಷ್ಟು ಮಂದಿ ಮೆಚ್ಚಿದ್ದನ್ನ ಯಾಕ ಹೊಲಿಸ್ಕೋತೀರಿ? ನೀವು ಹೇಳಿದ್ರ ಮಾಡತೀನಿ ಬಿಡ್ರಿ, ಆದ್ರ ಇನ್ನೊಮ್ಮೆ ವಿಚಾರ ಮಾಡ್ರಿ.” ಪೆನ್ನು ತೆಗೆದು ಕಾಗದದ ಮೇಲೆ ಬರೆಯಲು ಹಿಡಿದರು. “ಎಂಟು ತಿಂಗಳ ಕೂಸು ಜಗ್ಗಿದ್ದು, ಹೌದಲ್ರಿ?”

ನಲವತ್ತು ವರ್ಷದ ರೂಢಿ. ಹೊನ್ನವ್ವನ ತುಟಿಯ ಮೇಲೆ ಆ ಹಳೆಯ ನಗು ತಾನಾಗಿಯೇ ಬಂತು, ತಲೆ ಹೌದು ಎಂದು ಆಡಲು ಹೊರಟಿತು.

“ಅಲ್ರಿ,” ಅಂದ ಕೊಟ್ರೇಶ.

ಡಾಕ್ಟರಮ್ಮ ಅವನ ಕಡೆ ತಿರುಗಿದರು.

“ಆ ವಿಡಿಯೋದಾಗ ಹೇಳಿದಾಂವ ನಾನ. ಅದು ಸುಳ್ಳರಿ. ನಾ ಜಗ್ಗಿಲ್ಲ. ನಮ್ಮಪ್ಪ ಹರದಾನ. ಹಂಗ ಬರ್ಕೋರಿ.”

ಡಾಕ್ಟರಮ್ಮ ಮತ್ತೆ ವಿಚಾರ ಮಾಡ್ರಿ ಎನ್ನಲಿಲ್ಲ. ಬರೆದುಕೊಂಡರು. ಹೊನ್ನವ್ವ ಸ್ಟೂಲಿನ ಮೇಲೆ ಕೂತಲ್ಲೇ ದನಿ ತೆಗೆದು ಅಳತೊಡಗಿದಳು, ಹೊರಗಿದ್ದ ಜಮಾಲಬಿ ಬಾಗಿಲಿಗೆ ಬಂದು ಇಣುಕುವಷ್ಟು ಜೋರಾಗಿ.

“ನೋವಾತೇನ್ರಿ? ಇನ್ನೂ ಸೂಜಿ ಮುಟ್ಟಿಸೇ ಇಲ್ಲಲ್ರಿ ಅಮ್ಮಾ,” ಅಂದರು ಡಾಕ್ಟರಮ್ಮ ಗಾಬರಿಯಿಂದ.

“ಅಳಲಿ ಬಿಡ್ರಿ,” ಅಂದ ಕೊಟ್ರೇಶ. ಹತ್ತಿರ ಬಂದು ಅವ್ವನ ಎಡಗಡೆ ನಿಂತ. “ಇಷ್ಟು ವರ್ಷ ನಕ್ಕಾಳ.”